ಕರುಳಿನ ಕೊನೆ ಮುಟ್ಟುವ ಊಟ

ಎಳ್ಳ ಅಮಾವಾಸ್ಯೆಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ಬುತ್ತಿ ಬಿಚ್ಚಿದರೆ ಎಲ್ಲರ ಕಣ್ಣೂ ಭಜ್ಜಿಯ ಮೇಲೆ. ಅವರೆ, ತೊಗರಿ, ಕಡಲೆಯ ಹಸಿಕಾಳು, ಸೊಪ್ಪು, ಬದನೆ ಕೂಡಿ ಬೆಂದ ಪಲ್ಯ. ಪಕ್ಕದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮಧುಮೇಹದ ಹೊಸ ಔಷಧಗಳ ಬಗ್ಗೆ ಓದಿದಾಗಲೆಲ್ಲ ನನಗೆ ಈ ಊಟ ನೆನಪಾಗುತ್ತದೆ.

ಆ ಔಷಧಗಳ ಮೂಲ ನಮ್ಮ ಕರುಳಿನಲ್ಲೇ ಇದೆ. ಉಂಡ ಮೇಲೆ ಕರುಳಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನು ಸುರಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರಿದಾಗ ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಜಠರ ಬೇಗ ಖಾಲಿಯಾಗದಂತೆ ತಡೆಯುತ್ತದೆ, ಸಾಕೆಂದು ಮಿದುಳಿಗೆ ತಿಳಿಸುತ್ತದೆ. ಆದರೆ ಒಂದೆರಡು ನಿಮಿಷದಲ್ಲೇ ಕಿಣ್ವವೊಂದು ಅದನ್ನು ಒಡೆದುಹಾಕುತ್ತದೆ. ಆ ಕಿಣ್ವವನ್ನು ತಡೆಯುವುದೇ ಗ್ಲಿಪ್ಟಿನ್ ಮಾತ್ರೆಗಳ ಕೆಲಸ. ಸೆಮಾಗ್ಲುಟೈಡ್ ಚುಚ್ಚುಮದ್ದಾದರೋ ಆ ಹಾರ್ಮೋನಿನಂತೆಯೇ ವಾರವಿಡೀ ಕೆಲಸ ಮಾಡುತ್ತದೆ. ಅದರ ಭಾರತದ ಪೇಟೆಂಟಿಗೆ 2026ರ ಮಾರ್ಚ್‌ವರೆಗಷ್ಟೇ ಅವಧಿ. ಅಗ್ಗದ ಮದ್ದು ತಾಲ್ಲೂಕಿನ ಅಂಗಡಿಗೂ ಬರಲಿದೆ.

ಬರಲಿ. ಆದರೆ ನಮ್ಮಲ್ಲಿ ತೆಳ್ಳಗಿದ್ದೂ ಸಕ್ಕರೆ ಕಾಯಿಲೆ ಬಂದವರು ಬಹಳ. ಈ ಮದ್ದು ತೂಕದೊಂದಿಗೆ ಸ್ನಾಯುವನ್ನೂ ಇಳಿಸಬಲ್ಲದು. ತೊಗರಿ ಕೊಯ್ದು ಬದುಕುವವರಿಗೆ ತೋಳಿನ ಬಲವೇ ಆಸ್ತಿ. ಯಾರಿಗೆ ಕೊಡಬೇಕು ಎಂಬುದನ್ನು ವೈದ್ಯರು ಆಳು ನೋಡಿ ನಿರ್ಧರಿಸಬೇಕು.

ಇನ್ನು ಆ ಬುತ್ತಿಯ ಊಟ ನೆನಪಾಗುವ ಕಾರಣ. ಜಿಎಲ್‌ಪಿ-1 ಸುರಿಸುವ ಕೋಶಗಳು ಹೆಚ್ಚಾಗಿರುವುದು ಸಣ್ಣಕರುಳಿನ ಕೊನೆಯಲ್ಲಿ ಮತ್ತು ದೊಡ್ಡಕರುಳಿನಲ್ಲಿ. ಪಾಲಿಶ್ ಅಕ್ಕಿಯ ಅನ್ನ, ಮೈದಾ ಬಹುಪಾಲು ಮೇಲೆಯೇ ಕರಗಿಬಿಡುತ್ತವೆ. ಜೋಳ, ಕಾಳು, ಪುಂಡಿಪಲ್ಲೆಯ ನಾರು ಕೆಳಗಿನವರೆಗೂ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿದಾಗ ಹುಟ್ಟುವ ಆಮ್ಲಗಳು ಆ ಕೋಶಗಳನ್ನು ಎಬ್ಬಿಸುತ್ತವೆ. ಪಲ್ಯ, ಕಾಳು ಮೊದಲು ಉಂಡು ಅನ್ನ ಆಮೇಲೆ ಉಂಡರೆ ಸಕ್ಕರೆಯ ಏರಿಕೆಯೂ ತಗ್ಗುತ್ತದೆ. ಊಟದ ಈ ಬಲ ಚುಚ್ಚುಮದ್ದಿನ ಮುಂದೆ ಬಹಳ ಸಣ್ಣದು. ಜೋಳವೂ ಪಿಷ್ಟವೇ, ರೊಟ್ಟಿಗೂ ಲೆಕ್ಕ ಬೇಕು. ರೊಟ್ಟಿ ನಂಬಿ ಮಾತ್ರೆ ಬಿಡುವುದು ಅಪಾಯ.

ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಅದರ ಹೊಸ್ತಿಲಲ್ಲಿರುವವರು 13.6 ಕೋಟಿ. ಹೀಗಿದ್ದೂ ಜೋಳದ ಸೀಮೆಯಲ್ಲೇ ಅನ್ನದ ಪಾಲು ಬೆಳೆದದ್ದೇಕೆ? ಪಡಿತರದ ಅಕ್ಕಿ ಒಂದು ಕಾರಣ. ಇನ್ನೊಂದನ್ನು ನಾವು ಮಾತನಾಡುವುದೇ ಇಲ್ಲ: ಕೂಲಿಯಿಂದ ಸಂಜೆ ಮರಳಿದ ಹೆಣ್ಣುಮಗಳಿಗೆ ಒಲೆಯ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿಯುವಷ್ಟು ಶಕ್ತಿ ಎಲ್ಲಿ ಉಳಿದಿರುತ್ತದೆ? ಅವಳಿಗೆ ನಾರಿನ ಉಪದೇಶ ಮಾಡುವುದು ಅನ್ಯಾಯ. ಜಿಲ್ಲಾಡಳಿತ ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಮಹಿಳಾ ಸಂಘಗಳ ರೊಟ್ಟಿಯನ್ನು ಮಾರುಕಟ್ಟೆಗೆ ತಂದಿದೆ. ಆ ರೊಟ್ಟಿ ದೂರದ ಪೇಟೆಗಷ್ಟೇ ಅಲ್ಲ, ಇಲ್ಲಿನ ಹಾಸ್ಟೆಲ್ಲು, ಆಸ್ಪತ್ರೆಯ ಊಟಕ್ಕೂ, ಕೂಲಿಯವರ ಕೈಗೆಟಕುವ ದರಕ್ಕೆ ಊರಿನ ಅಂಗಡಿಗೂ ಬರಬೇಕು.