ಜಾನ್ ಆರ್ಚರ್ ದಾರಿ

ಲಂಡನ್ ನಗರದ ದಕ್ಷಿಣಕ್ಕೆ ವಾಂಡ್ಸ್‌ವರ್ತ್ ಎಂಬ ಭಾಗವಿದೆ. ಅಲ್ಲಿಯ ಒಂದು ಬೀದಿಯ ಹೆಸರು ‘ಜಾನ್ ಆರ್ಚರ್ ವೇ’. ‘ವೇ’ ಅಂದರೆ ದಾರಿ. ಬೀದಿಗೆ ರಾಜರ ಹೆಸರು, ಮಂತ್ರಿಗಳ ಹೆಸರು ಇಡುವುದು ನಮಗೆ ಗೊತ್ತೇ ಇದೆ. ಆರ್ಚರ್ ರಾಜರೂ ಅಲ್ಲ, ಮಂತ್ರಿಯೂ ಅಲ್ಲ. ಫೋಟೋ ತೆಗೆದು ಜೀವನ ಮಾಡುತ್ತಿದ್ದವರು. ಮತ್ತೆ ಯಾಕಪ್ಪಾ ಅವರ ಹೆಸರು? ಅದನ್ನೇ ಇಲ್ಲಿ ಬರೆದಿದ್ದೇನೆ.

ಆರ್ಚರ್ ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ಬಾರ್ಬಡೋಸ್ ದ್ವೀಪದ ಕಪ್ಪು ಜನಾಂಗದವರು, ತಾಯಿ ಐರ್ಲೆಂಡಿನವರು. ಆರ್ಚರ್ ಲಂಡನ್ನಿನ ಬ್ಯಾಟರ್‌ಸೀಯಲ್ಲಿ ನೆಲೆಸಿದರು. ಈ ಬ್ಯಾಟರ್‌ಸೀ ಈಗ ವಾಂಡ್ಸ್‌ವರ್ತ್‌ಗೇ ಸೇರಿದೆ. 1906ರಲ್ಲಿ ಅವರು ಅಲ್ಲಿಯ ನಗರಸಭೆಗೆ ಸದಸ್ಯರಾಗಿ ಆರಿಸಿ ಬಂದರು. ನಗರಸಭೆಯ ಕೆಲಸಗಾರರಿಗೆ ವಾರಕ್ಕೆ ಕಡಿಮೆ ಅಂದರೂ 32 ಷಿಲಿಂಗ್ ಕೂಲಿ ಸಿಗಬೇಕೆಂದು ಹೋರಾಡಿ ಗೆದ್ದರು. ಆಗಿನ ಲೆಕ್ಕದಲ್ಲಿ 20 ಷಿಲಿಂಗ್ ಸೇರಿದರೆ ಒಂದು ಪೌಂಡ್.

1913ರಲ್ಲಿ ಮೇಯರ್ ಚುನಾವಣೆ ಬಂತು. ನಮ್ಮ ಪಂಚಾಯಿತಿ ಸದಸ್ಯರು ಸೇರಿ ಅಧ್ಯಕ್ಷರನ್ನು ಆರಿಸುವ ಹಾಗೆ ಅಲ್ಲಿಯೂ ಸದಸ್ಯರೇ ವೋಟು ಹಾಕುತ್ತಿದ್ದರು. ಆರ್ಚರ್‌ಗೆ 40 ವೋಟು, ಎದುರಾಳಿಗೆ 39. ಒಂದೇ ಒಂದು ವೋಟು! ಹೀಗೆ ಲಂಡನ್ನಿನಲ್ಲಿ ಮೊದಲ ಸಲ ಕಪ್ಪು ಜನಾಂಗದ ಒಬ್ಬರು ಮೇಯರ್ ಆದರು.

ಆದರೆ ಬಣ್ಣ ನೋಡಿ ಅಳೆಯುವವರು ಸುಮ್ಮನಿರುತ್ತಾರಾ? ಇವರು ಹೊರಗಿನವರು, ರಂಗೂನಿನಲ್ಲಿ ಹುಟ್ಟಿದವರು ಎಂದೆಲ್ಲ ಸುದ್ದಿ ಹಬ್ಬಿತು. ಆರ್ಚರ್ ಸಿಟ್ಟಾಗಲಿಲ್ಲ. ತಾನು ಹುಟ್ಟಿದ್ದು ಯಾರೂ ಹೆಸರೇ ಕೇಳದ ಒಂದು ಸಣ್ಣ ಹಳ್ಳಿ, ಅದರ ಹೆಸರು ಲಿವರ್‌ಪೂಲ್ ಎಂದು ತಮಾಷೆಯಾಗಿ ಉತ್ತರ ಕೊಟ್ಟರು. ಲಿವರ್‌ಪೂಲ್ ಎಂದರೆ ಇಡೀ ಲೋಕಕ್ಕೆ ಗೊತ್ತಿದ್ದ ದೊಡ್ಡ ಬಂದರು!

ನಮ್ಮ ದೇಶಕ್ಕೂ ಇವರಿಗೂ ನಂಟಿದೆ. ಮುಂಬಯಿಯಲ್ಲಿ ಹುಟ್ಟಿದ ಶಾಪುರ್ಜಿ ಸಕ್ಲತ್‌ವಾಲಾ 1922ರಲ್ಲಿ ಉತ್ತರ ಬ್ಯಾಟರ್‌ಸೀಯಿಂದ ಬ್ರಿಟಿಷ್ ಪಾರ್ಲಿಮೆಂಟಿಗೆ ನಿಂತು ಗೆದ್ದರು. ಆಗಿನ್ನೂ ನಾವು ಬ್ರಿಟಿಷರ ಕೈಕೆಳಗೇ ಇದ್ದೆವು. ಆ ಭಾರತೀಯನಿಗೆ ಚುನಾವಣಾ ಏಜೆಂಟರಾಗಿ ದುಡಿದವರು ಇದೇ ಆರ್ಚರ್. ತಾನು ಹತ್ತಿದ ಮೆಟ್ಟಿಲನ್ನು ಇನ್ನೊಬ್ಬರೂ ಹತ್ತಲಿ ಎಂಬ ಮನಸ್ಸು ಎಷ್ಟು ಜನರಿಗೆ ಇರುತ್ತದೆ ಹೇಳಿ?

ಆರ್ಚರ್ 1932ರಲ್ಲಿ ತೀರಿಕೊಂಡರು. 2013ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ತಂದಿತು.

ಬೀದಿಯ ಬೋರ್ಡಿನಲ್ಲಿ ಬರೀ ಹೆಸರು ಇರುತ್ತದೆ. ಆ 32 ಷಿಲಿಂಗ್, ಆ ಒಂದು ವೋಟು ಅಲ್ಲಿ ಬರೆದಿರುವುದಿಲ್ಲ. ಯಾರು ಇವರು, ಏನು ಮಾಡಿದರು ಎಂದು ಕೇಳುವವರು ಇಲ್ಲದಿದ್ದರೆ ಎಂಥ ದೊಡ್ಡವರ ಹೆಸರೂ ಬರೀ ವಿಳಾಸವಾಗಿಬಿಡುತ್ತದೆ. ಕೇಳಿ ತಿಳಿಯುವ ಕೆಲಸ ನಮ್ಮದು.