ತೋಟದ ಮಳೆಲೆಕ್ಕಕ್ಕೆ ರೇಡಿಯೋ ಜಾಲ: ನಮ್ಮ ಮೂರು ವರ್ಷಗಳ ಅನುಭವ

ಬೆಳಿಗ್ಗೆ ಎಂಟೂವರೆ ಗಂಟೆಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಇಂಚು-ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುವ ಪದ್ಧತಿ ನಮ್ಮ ಮಲೆನಾಡಿನ ತೋಟಗಳಿಗೆ ಹೊಸದೇನಲ್ಲ. ಅಜ್ಜನ ಕಾಲದ ಮಳೆಪುಸ್ತಕವನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳು ನಮ್ಮ ಸದಸ್ಯರಲ್ಲೇ ಹಲವಿವೆ. ಆದರೆ ಆ ಮಾಪಕ ಇರುವುದು ಮನೆಯ ಅಂಗಳದಲ್ಲಿ. ಕಾಫಿ ಇರುವುದು ಗುಡ್ಡದ ಆಚೆ. ಮುಂಗಾರಿನಲ್ಲಿ ಇದರಿಂದ ದೊಡ್ಡ ತೊಡಕೇನೂ ಆಗದು. ಮಾರ್ಚ್-ಏಪ್ರಿಲಿನ ಹೂಮಳೆಯ ಸಂಗತಿ ಹಾಗಲ್ಲ. ಗುಡ್ಡದ ಒಂದು ಮಗ್ಗುಲಿಗೆ ಇಂಚು ಬಿದ್ದರೆ ಇನ್ನೊಂದು ಮಗ್ಗುಲಿಗೆ ಧೂಳು ಅಡಗುವಷ್ಟೂ ಬೀಳದಿರುವುದನ್ನು ನಾವೆಲ್ಲ ಕಂಡವರೇ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಲೆಕ್ಕ ಕಳಿಸುತ್ತವೆ. ಇದು ಬಹಳ ಉಪಕಾರದ ಕೆಲಸ. ಆದರೂ ನಮ್ಮ ಕಡೆಯ ಒಂದು ಪಂಚಾಯಿತಿಯೊಳಗೆ ಮೂರು ಕಣಿವೆಗಳಿರುತ್ತವೆ, ಮತ್ತು ಅವುಗಳಲ್ಲಿ ಎರಡರಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಈ ಕಾರಣಕ್ಕೆ ಅಕ್ಕಪಕ್ಕದ ತೋಟದವರಾದ ನಾವು ಹನ್ನೊಂದು ಮಂದಿ ಸೇರಿ 2022ರ ಡಿಸೆಂಬರಿನಲ್ಲಿ ಒಂಬತ್ತು ಮಳೆಮಾಪಕಗಳ ಒಂದು ಸಣ್ಣ ರೇಡಿಯೋ ಜಾಲವನ್ನು ಹಾಕಿಕೊಂಡೆವು. ನಮ್ಮಂತೆಯೇ ಆಲೋಚಿಸುತ್ತಿರುವ ಸದಸ್ಯರು ವಿವರ ಕೇಳುತ್ತಿರುವುದರಿಂದ ಈ ಲೇಖನ. ನಾವು ಯಾರೂ ಇಂಜಿನಿಯರುಗಳಲ್ಲ. ಪೆಟ್ಟು ತಿಂದು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇವೆ.

ನಾವು ಬಳಸಿದ್ದು ಲೋರಾ ಎಂಬ ಪದ್ಧತಿ. ಬಹಳ ಕಡಿಮೆ ವಿದ್ಯುತ್ತಿನಲ್ಲಿ, ಬಹಳ ಚಿಕ್ಕ ಸಂದೇಶವನ್ನು, ನಿಧಾನವಾಗಿ ದೂರಕ್ಕೆ ಕಳಿಸುವುದು ಇದರ ಗುಣ. ಸಿಮ್ ಕಾರ್ಡು ಬೇಡ, ಪ್ರತಿ ಮಾಪಕಕ್ಕೆ ತಿಂಗಳ ಬಾಡಿಗೆ ಇಲ್ಲ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ವರೆಗಿನ ತರಂಗಗಳಿಗೆ 2005ರಲ್ಲೇ ಪರವಾನಗಿಯಿಂದ ವಿನಾಯಿತಿ ದೊರೆತಿತ್ತು. 2021ರಲ್ಲಿ ಅದು 868ರ ವರೆಗೆ ವಿಸ್ತಾರವಾಯಿತು. ಅಮೆರಿಕಕ್ಕೆಂದು ತಯಾರಾದ 915 ಮೆಗಾಹರ್ಟ್ಸ್‌ನ ಸಾಮಾನು ಅಗ್ಗವಾಗಿ ಸಿಗುತ್ತದೆಂದು ಯಾರೂ ಕೊಳ್ಳಬಾರದು. ಅದನ್ನು ಇಲ್ಲಿ ಬಳಸುವುದು ಕಾನೂನಿಗೆ ವಿರುದ್ಧ.

ಪ್ರತಿ ಮಾಪಕದ ಒಳಗೆ ತಕ್ಕಡಿಯಂತೆ ಆ ಕಡೆ ಈ ಕಡೆ ವಾಲುವ ಎರಡು ಪುಟ್ಟ ಬಟ್ಟಲುಗಳಿವೆ. 0.2 ಮಿಲಿಮೀಟರ್ ಮಳೆಗೆ ಒಂದು ವಾಲು. ಪ್ರತಿ ವಾಲಿಗೂ ಒಂದು ಅಯಸ್ಕಾಂತ ಸ್ವಿಚ್ಚನ್ನು ಮುಟ್ಟುತ್ತದೆ. ಪಕ್ಕದ ಡಬ್ಬಿಯೊಳಗಿನ ರೇಡಿಯೋ ಘಟಕ ಎಣಿಸುತ್ತದೆ, ಕಾಲು ಗಂಟೆಗೊಮ್ಮೆ ಎಣಿಕೆಯನ್ನು ಕಳಿಸುತ್ತದೆ. ಗುಡ್ಡದ ನೆತ್ತಿಯಲ್ಲಿರುವ ಸದಸ್ಯರೊಬ್ಬರ ಮನೆಯ ಮೇಲೆ ಇವೆಲ್ಲವನ್ನೂ ಕೇಳುವ ಗೇಟ್‌ವೇ ಇದೆ. ಅದರ ಜೊತೆಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರು, ಅದರಲ್ಲಿ ಚಿರ್ಪ್‌ಸ್ಟ್ಯಾಕ್ ಎಂಬ ಉಚಿತ ತಂತ್ರಾಂಶ. ಎಲ್ಲರ ಮೊಬೈಲಿಗೂ ಬೆಳಿಗ್ಗೆ ಒಂದು ಪಟ್ಟಿ ಬರುತ್ತದೆ. ಮೊದಲ ಎರಡು ತಿಂಗಳು ಇದು ಎಷ್ಟು ಚೆನ್ನಾಗಿ ನಡೆಯಿತೆಂದರೆ, ನಮ್ಮಲ್ಲಿ ಕೆಲವರು ಗಾಜಿನ ಅಳತೆಯನ್ನು ಅಟ್ಟಕ್ಕೆ ಹಾಕಿದರು. ಆಗ ಒಂದು ಹನಿ ಮಳೆಯೂ ಬಂದಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಮಾರ್ಚ್ ತಿಂಗಳ ಪೆಟ್ಟು

2023ರ ಮಾರ್ಚಿನಲ್ಲಿ ಒಂದು ಸಂಜೆ ಗುಡುಗು ಮಳೆ ಬಂತು. ಮರುದಿನದ ಪಟ್ಟಿಯಲ್ಲಿ ಮೇಲಿನ ತೋಟಗಳಿಗೆಲ್ಲ ಒಂದು ಇಂಚಿನ ಹತ್ತಿರ ಮಳೆ. ಹಳ್ಳದ ಪಕ್ಕದ ಆರನೆಯ ಮಾಪಕಕ್ಕೆ ಮಾತ್ರ ಸೊನ್ನೆ. ಆ ತೋಟದ ಸದಸ್ಯರು ಆಗ ಬೆಂಗಳೂರಿನಲ್ಲಿದ್ದರು. ಕೆಳಗೆ ಮಳೆಯೇ ಇಲ್ಲ, ಮೊಗ್ಗು ಹಾಗೆಯೇ ಕಾದಿರುತ್ತದೆ, ಊರಿಗೆ ಹೋದ ಮೇಲೆ ಸ್ಪ್ರಿಂಕ್ಲರ್ ಹಾಕಿದರಾಯಿತೆಂದು ಅವರು ಸುಮ್ಮನಾದರು. ಐದು ದಿನ ಬಿಟ್ಟು ಬಂದು ನೋಡಿದರೆ ಮೂರು ಎಕರೆ ರೊಬಸ್ಟಾದ ಮೊಗ್ಗು ಅರೆಬರೆ ಬಿರಿದು ಒಣಗಿ ನಿಂತಿತ್ತು. ಹಳ್ಳದಾಚೆಯ ಮನೆಯವರು ಹಳೆಯ ಪದ್ಧತಿಯಂತೆ ಅಳೆದು ಬರೆದಿಟ್ಟಿದ್ದರು: 42 ಸೆಂಟು. ಮೊಗ್ಗನ್ನು ಎಬ್ಬಿಸಲು ಸಾಕು, ಹೂ ಅರಳಿಸಲು ಸಾಲದು. ಆ ರಾತ್ರಿಯೋ ಮರುದಿನವೋ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಿದ್ದರೆ ಹೂ ಉಳಿಯುತ್ತಿತ್ತು. ಪಂಪು, ಪೈಪು, ಕೆರೆಯಲ್ಲಿ ನೀರು ಎಲ್ಲವೂ ಸಿದ್ಧವಾಗಿದ್ದವು. ಇಲ್ಲದ್ದು ಸರಿಯಾದ ಸುದ್ದಿ ಒಂದೇ.

ಆಗಿದ್ದೇನು? ಮಾಪಕ ಸರಿಯಾಗಿಯೇ ಎಣಿಸಿತ್ತು. ಆಂಟೆನಾದ ಬುಡದ ಕನೆಕ್ಟರಿಗೆ ಮಳೆನೀರು ಇಳಿದು, ಮಳೆ ಸುರಿಯುವಾಗಲೇ ಸಂದೇಶ ಗುಡ್ಡದ ಮೇಲಕ್ಕೆ ತಲುಪದಾಯಿತು. ಬಿಸಿಲು ಬಂದ ಮೇಲೆ ಕನೆಕ್ಟರು ಒಣಗಿ ಮಾತು ಮತ್ತೆ ಶುರು. ಒಣಗಿದ ದಿನಗಳಲ್ಲೆಲ್ಲ ಚೊಕ್ಕವಾಗಿ ನಡೆದು ಬೇಕಾದ ಹೊತ್ತಿಗೆ ಮಾತ್ರ ಮೂಕವಾಗುವ ಮಾಪಕ! ಇದಕ್ಕಿಂತ ಮಾಪಕ ಇಲ್ಲದಿರುವುದೇ ವಾಸಿ.

ಆದರೆ ಕನೆಕ್ಟರಿನ ನೀರು ಸಣ್ಣ ತಪ್ಪು. ದೊಡ್ಡ ತಪ್ಪು ನಮ್ಮದು, ಪಟ್ಟಿ ಮಾಡಿದ ರೀತಿಯದು. ಸಂದೇಶ ಬಾರದ ಜಾಗದಲ್ಲಿ ನಮ್ಮ ಪಟ್ಟಿ ತಾನೇ ತಾನಾಗಿ ಸೊನ್ನೆ ತುಂಬುತ್ತಿತ್ತು. ಮಳೆ ಬಂದಿಲ್ಲ ಎಂದು ಮಾಪಕ ಹೇಳುವುದು ಬೇರೆ, ಮಾಪಕ ಏನನ್ನೂ ಹೇಳದಿರುವುದು ಬೇರೆ. ಎರಡಕ್ಕೂ ಒಂದೇ ಗುರುತು ಹಾಕಿ ನಾವು ಮೂರು ಎಕರೆಯ ಹೂ ಕಳೆದೆವು. ಇದರ ಜೊತೆಗೆ ಇನ್ನೊಂದು. ಘಟಕ ಕಳಿಸುತ್ತಿದ್ದದ್ದು ಆ ಕಾಲು ಗಂಟೆಯ ಎಣಿಕೆಯನ್ನು ಮಾತ್ರ. ಸಂದೇಶ ದಾರಿಯಲ್ಲಿ ಕಳೆದುಹೋದರೆ ಆ ಮಳೆಯೇ ಕಳೆದುಹೋದಂತೆ.

ಈಗ ಘಟಕಗಳು ಹಾಕಿದ ದಿನದಿಂದ ಆದ ಒಟ್ಟು ವಾಲುಗಳನ್ನು ಕಳಿಸುತ್ತವೆ, ವಿದ್ಯುತ್ ಮೀಟರಿನ ಅಂಕಿಯ ಹಾಗೆ. ನಡುವೆ ಹತ್ತು ಸಂದೇಶ ಕಳೆದರೂ ಹನ್ನೊಂದನೆಯದು ಬಂದಾಗ ಹಿಂದಿನ ಅಂಕಿಯನ್ನು ಕಳೆದರೆ ಮಳೆ ಪೂರ್ತಿ ಸಿಗುತ್ತದೆ. ಯಾವ ಗಂಟೆಯಲ್ಲಿ ಎಷ್ಟೆಂಬುದು ಮಾತ್ರ ತಪ್ಪುತ್ತದೆ. ಬ್ಯಾಟರಿ ಕುಸಿದು ಘಟಕ ಮರುಹುಟ್ಟು ಪಡೆದರೂ ಅಂಕಿ ಅಳಿಯದಂತೆ ಅದನ್ನು ಶಾಶ್ವತ ನೆನಪಿನ ಚಿಪ್ಪಿನಲ್ಲಿ ಬರೆದಿಡುತ್ತೇವೆ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರುತ್ತದೆ, ಬ್ಯಾಟರಿಯ ವೋಲ್ಟೇಜು ಇರುತ್ತದೆ. ಪಟ್ಟಿಯಲ್ಲಿ ಸುದ್ದಿ ಬಾರದ ಜಾಗಕ್ಕೆ ಗೆರೆ. ಎರಡು ಗಂಟೆ ಗೆರೆ ಮುಂದುವರಿದರೆ ತೋಟದವರಿಗೆ ಫೋನು ಹೋಗುತ್ತದೆ, ಅವರು ಹೋಗಿ ಗಾಜಿನ ಅಳತೆ ನೋಡುತ್ತಾರೆ. ಅಟ್ಟದಿಂದ ಅದನ್ನು ಇಳಿಸಿದ್ದೇವೆಂದು ಬೇರೆ ಹೇಳಬೇಕಿಲ್ಲ.

ದೂರ ಮತ್ತು ಮರ

ಲೋರಾ ಹತ್ತು ಹದಿನೈದು ಕಿಲೋಮೀಟರ್ ಹೋಗುತ್ತದೆಂದು ಮಾರುವವರು ಹೇಳುತ್ತಾರೆ. ಬಯಲುಸೀಮೆಯಲ್ಲಿ ಎತ್ತರದ ಕಂಬ ಹಾಕಿದರೆ ನಿಜ. ನಮ್ಮ ಹಾಲವಾಣ, ಸಿಲ್ವರ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳ ನಡುವೆ ಒಂದೂವರೆ ಕಿಲೋಮೀಟರಿಗೇ ಉಸಿರು ಕಟ್ಟಿದ್ದನ್ನು ನಾವು ನೋಡಿದ್ದೇವೆ. ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ತರಂಗವನ್ನು ನುಂಗುತ್ತದೆ. ಇನ್ನೊಂದು ಸಂಗತಿ ನಮಗೆ ತಡವಾಗಿ ತಿಳಿಯಿತು: ಎರಡು ಆಂಟೆನಾಗಳ ನಡುವೆ ಕಣ್ಣಿಗೆ ದಾರಿ ಕಂಡರಷ್ಟೇ ಸಾಲದು. ರೇಡಿಯೋ ತರಂಗ ದಾರದಂತೆ ಹೋಗುವುದಿಲ್ಲ, ನಡುವೆ ಉಬ್ಬಿದ ಸೌತೆಕಾಯಿಯಂತೆ ಹೋಗುತ್ತದೆ. 866 ಮೆಗಾಹರ್ಟ್ಸ್‌ಗೆ ಎರಡು ಕಿಲೋಮೀಟರ್ ದೂರದಲ್ಲಿ ಆ ಉಬ್ಬು ಮಧ್ಯದಲ್ಲಿ ಸುತ್ತಲೂ 13 ಮೀಟರ್. ಅದರ ಅರ್ಧಕ್ಕೂ ಹೆಚ್ಚು ಖಾಲಿ ಇರಬೇಕು. ಹಾಗಾಗಿ ಘಟಕದ ಶಕ್ತಿಯನ್ನು ಹೆಚ್ಚಿಸಲು ಹಣ ಸುರಿಯುವ ಬದಲು ಗೇಟ್‌ವೇಯ ಆಂಟೆನಾವನ್ನು ನಾಲ್ಕು ಮೀಟರ್ ಮೇಲೇರಿಸಿದೆವು. ಮೂರು ಮಾಪಕಗಳ ತಕರಾರು ಅಂದೇ ಮುಗಿಯಿತು.

ಎಸ್‌ಎಫ್ ಎಂಬ ಒಂದು ಅಂಕೆಯನ್ನು 7ರಿಂದ 12ರ ವರೆಗೆ ಏರಿಸಬಹುದು. ಏರಿಸಿದಷ್ಟೂ ಸಂದೇಶ ನಿಧಾನ, ತಲುಪುವ ದೂರ ಹೆಚ್ಚು. ಸಂತೆಯಲ್ಲಿ ದೂರದವನಿಗೆ ಒಂದೊಂದೇ ಅಕ್ಷರ ಎಳೆದು ಕೂಗಿದ ಹಾಗೆ. ನಾವು ಮೊದಲು ಎಲ್ಲಕ್ಕೂ 12 ಇಟ್ಟೆವು, ಅದು ತಪ್ಪಾಯಿತು. 20 ಬೈಟಿನ ಒಂದು ಸಂದೇಶ 7ರಲ್ಲಿ 57 ಮಿಲಿಸೆಕೆಂಡು, 12ರಲ್ಲಿ 1.3 ಸೆಕೆಂಡು. ಬ್ಯಾಟರಿ ಖರ್ಚು ಇಪ್ಪತ್ತರಷ್ಟಕ್ಕೂ ಹೆಚ್ಚು. ಅಲ್ಲದೆ ಒಂದರ ಮಾತಿನ ಮೇಲೆ ಇನ್ನೊಂದರ ಮಾತು ಬಿದ್ದು ಎರಡೂ ಹಾಳು. ಒಂಬತ್ತೂ ಘಟಕಗಳು ಸರಿಯಾಗಿ ಕಾಲು ಗಂಟೆಗೇ ಬಾಯಿ ತೆರೆಯುವಂತೆ ಇಟ್ಟಿದ್ದು ನಮ್ಮದೇ ಜಾಣತನ. ಈಗ ಒಂದೊಂದಕ್ಕೂ ಅರ್ಧ ನಿಮಿಷದ ಅಂತರ ಕೊಟ್ಟಿದ್ದೇವೆ, ಹತ್ತಿರದವಕ್ಕೆ 7 ಅಥವಾ 8, ಹಳ್ಳದ ಕಡೆಯವಕ್ಕೆ 10.

ಆಂಟೆನಾದ ಬಗ್ಗೆ ಒಂದು ಎಚ್ಚರಿಕೆ. ನಮಗೆ ಬಂದ ಮೊದಲ ಕಟ್ಟಿನಲ್ಲಿ ನಾಲ್ಕು ಆಂಟೆನಾಗಳ ಬುಡದಲ್ಲಿ ಬಹಳ ಸಣ್ಣ ಅಕ್ಷರದಲ್ಲಿ 433 ಎಂದಿತ್ತು. ನೋಡಲು ಎಲ್ಲ ಒಂದೇ ತೆರನ ಕರಿಯ ಕಡ್ಡಿಗಳು. ನಮ್ಮ ತರಂಗಕ್ಕೆ ಬರಿಯ ತಂತಿಯ ಆಂಟೆನಾ ಆದರೆ ಎಂಟೂವರೆ ಸೆಂಟಿಮೀಟರ್ ಉದ್ದ ಸಾಕು. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಬೇಕು. ಒಂದು ನಿಂತು ಒಂದು ಮಲಗಿದರೆ ಸಿಗ್ನಲ್ ಬಹಳ ಬೀಳುತ್ತದೆ. ಆಂಟೆನಾ ಕಳಚಿರುವಾಗ ಘಟಕಕ್ಕೆ ಬ್ಯಾಟರಿ ಹಾಕಬಾರದು, ಚಿಪ್ಪು ಸುಡುವ ಸಂಭವವಿದೆ.

ದೋಷ ಹುಡುಕುವ ಬಗೆ

ತೋಟಕ್ಕೆ ಓಡುವ ಮೊದಲು ಪಟ್ಟಿಯನ್ನು ಓದಬೇಕು. ಗೇಟ್‌ವೇ ಪ್ರತಿ ಸಂದೇಶದ ಜೊತೆ ಸಿಗ್ನಲಿನ ಬಲವನ್ನೂ, ಸಿಗ್ನಲಿಗೂ ಗದ್ದಲಕ್ಕೂ ಇರುವ ಅಂತರವನ್ನೂ ಬರೆದಿಡುತ್ತದೆ. ಮಳೆಯಲ್ಲಿ ಮಾತ್ರ ಬಲ ಕುಸಿದು ಬಿಸಿಲಿಗೆ ಏರಿದರೆ ಕನೆಕ್ಟರಿನಲ್ಲಿ ನೀರು. ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿದರೆ ಚಿಗುರು, ಬಳ್ಳಿ; ನೆರಳು ಕಪಾತು ಮಾಡಿದ ಮೇಲೆ ಅದು ತಾನೇ ಸರಿಹೋದದ್ದುಂಟು. ಒಂದೇ ಏಟಿಗೆ ಬಿದ್ದು ಹಾಗೇ ಉಳಿದರೆ ಆಂಟೆನಾ ಮುರಿದಿದೆ: ಅಡಿಕೆ ಹಾಳೆ ಬಿದ್ದಿರುತ್ತದೆ, ಇಲ್ಲವೇ ಮುಸಿಯ ಕಿತ್ತಿರುತ್ತದೆ. ಬಲ ಚೆನ್ನಾಗಿದ್ದು ಸಂದೇಶದ ಕ್ರಮಸಂಖ್ಯೆ ಮತ್ತೆ ಮತ್ತೆ ಒಂದರಿಂದ ಶುರುವಾದರೆ ಬ್ಯಾಟರಿ ಸೋತಿದೆ. ಒಂಬತ್ತೂ ಒಟ್ಟಿಗೆ ಮೂಕವಾದರೆ ದೋಷ ತೋಟದಲ್ಲಿಲ್ಲ, ಮನೆಯಲ್ಲಿದೆ. ಒಂದು ಸಲ ಕರೆಂಟು ಹೋಗಿ ಬಂದು ರಾಸ್ಪ್‌ಬೆರಿಯ ಮೆಮೊರಿ ಕಾರ್ಡು ಕೆಟ್ಟಿತ್ತು; ಈಗ ಅದಕ್ಕೊಂದು ಬ್ಯಾಟರಿ ಬೆಂಬಲವಿದೆ.

ಎಲ್ಲಕ್ಕಿಂತ ಮೋಸದ ದೋಷ, ಸಂದೇಶ ಸರಿಯಾಗಿ ಬರುತ್ತಿದ್ದು ಮಳೆಯ ಲೆಕ್ಕ ಮಾತ್ರ ಸುಳ್ಳಾಗುವುದು. ಕೊಳವೆಗೆ ಎಲೆ ಸಿಕ್ಕಿರುತ್ತದೆ, ಬಟ್ಟಲಿನಡಿ ಇರುವೆ ಗೂಡು ಮಾಡಿರುತ್ತದೆ. ರೇಡಿಯೋ ಇದನ್ನು ಹೇಳಲಾರದು. ಆದ್ದರಿಂದ ಹೂಮಳೆಗೆ ಮೊದಲೊಮ್ಮೆ, ಮುಂಗಾರಿಗೆ ಮೊದಲೊಮ್ಮೆ ನೀರು ಹೊಯ್ದು ನೋಡುತ್ತೇವೆ. ಬಾಯಿ 20 ಸೆಂಟಿಮೀಟರ್ ಅಗಲವಿರುವ ಮಾಪಕಕ್ಕೆ 628 ಮಿಲಿಲೀಟರ್ ನೀರನ್ನು ಅರ್ಧ ಗಂಟೆಯಲ್ಲಿ ಹನಿಹನಿಯಾಗಿ ಬಿಟ್ಟರೆ ನೂರು ವಾಲು, ಅಂದರೆ 20 ಮಿಲಿಮೀಟರ್ ಬರಬೇಕು. ಸುರಿಮಳೆಯಲ್ಲಿ ಬಟ್ಟಲು ವಾಲುವಷ್ಟರಲ್ಲಿ ಸ್ವಲ್ಪ ನೀರು ಜಾರಿಹೋಗಿ ಲೆಕ್ಕ ಕಡಿಮೆ ಬರುವುದು ಈ ಮಾಪಕಗಳ ಸ್ವಭಾವ. ಆಟಿ ತಿಂಗಳಿನಲ್ಲಿ ಗಾಜಿನ ಅಳತೆಯನ್ನೇ ನಂಬುತ್ತೇವೆ.

ಬ್ಯಾಟರಿಗೆ ಸೌರಫಲಕ ಹಾಕಿದ್ದೆವು. 2024ರ ಜುಲೈಯಲ್ಲಿ ಮರದ ನೆರಳು, ಮೋಡ ಸೇರಿ ನಾಲ್ಕು ಘಟಕಗಳು ಸತ್ತವು. ಈಗ ಸೌರಫಲಕದ ಹಂಗಿಲ್ಲದೆ ವರ್ಷ ಕಳೆಯುವ ಬ್ಯಾಟರಿಯನ್ನು ಮೇ ತಿಂಗಳಲ್ಲಿ ಬದಲಿಸುತ್ತೇವೆ. ಅದೇ ದಿನ ಕನೆಕ್ಟರುಗಳಿಗೆ ತನಗೆ ತಾನೇ ಬೆಸೆಯುವ ರಬ್ಬರು ಟೇಪು ಸುತ್ತಿ, ಕೇಬಲ್ಲನ್ನು ಡಬ್ಬಿಯ ಕೆಳಗೆ ಬಳುಕಿಸಿ ನೀರು ಅಲ್ಲೇ ತೊಟ್ಟಿಕ್ಕುವಂತೆ ಬಿಡುತ್ತೇವೆ.

ಅಡಿಕೆಯವರಿಗೂ ಇದರಿಂದ ಪ್ರಯೋಜನವಿದೆ. ಕೊಳೆರೋಗದ ಬಗ್ಗೆ ಡಾ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ವರದಿ ಪ್ರಕಟಿಸಿದ್ದು 1910ರಲ್ಲಿ. ಬೋರ್ಡೋ ದ್ರಾವಣ ಅಂದಿನಿಂದಲೂ ನಮ್ಮ ಕೈಬಿಟ್ಟಿಲ್ಲ. ಮೊದಲ ಔಷಧಿ ಮುಂಗಾರಿಗೆ ಮುಂಚೆ, ಎರಡನೆಯದು 40-45 ದಿನಕ್ಕೆ. ಕೊನೆ ಹತ್ತುವವರು ಸಿಗುವುದೇ ಕಷ್ಟವಾದ ಈ ಕಾಲದಲ್ಲಿ, ಯಾವ ತೋಟದಲ್ಲಿ ಬೆಳಗಿನಿಂದ ಹನಿ ಬಿದ್ದಿಲ್ಲವೆಂದು ಮನೆಯಲ್ಲೇ ತಿಳಿದರೆ ಆಳುಗಳನ್ನು ಅಲ್ಲಿಗೆ ಕಳಿಸಬಹುದು. ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಮೂವರು ಹಾಗೆ ಎರಡನೆಯ ಔಷಧಿ ಮುಗಿಸಿಕೊಂಡರು.

ಆರನೆಯ ಮಾಪಕ ಈಗ ಸರಿಯಾಗಿದೆ. ಏಳನೆಯದು ಮಾತ್ರ ಕೆಲವು ಮಧ್ಯಾಹ್ನ ಮೂರರಿಂದ ನಾಲ್ಕರ ವರೆಗೆ ಮೌನವಾಗುತ್ತದೆ, ಕಾರಣ ಇನ್ನೂ ಸಿಕ್ಕಿಲ್ಲ. ಆಂಟೆನಾ, ಬ್ಯಾಟರಿ, ಕೇಬಲ್ ಮೂರನ್ನೂ ಬದಲಿಸಿ ನೋಡಿದ್ದಾಯಿತು. ಪಕ್ಕದ ಪಂಪ್‌ಹೌಸಿನ ಸ್ಟಾರ್ಟರಿನ ಮೇಲೆ ನಮಗೆ ಅನುಮಾನವಿದೆ. ಬರುವ ವಾರ ಪಂಪನ್ನು ನಿಲ್ಲಿಸಿ ಪರೀಕ್ಷಿಸುವವರಿದ್ದೇವೆ, ಅಲ್ಲಿಯವರೆಗೆ ಅದರ ಜಾಗದಲ್ಲಿ ಗೆರೆ ಇದೆ.