ಘಟಶ್ರಾದ್ಧ ಚಲನಚಿತ್ರದ ಪುನಶ್ಚೇತನ

ಗಿರೀಶ ಕಾಸರವಳ್ಳಿ ಅವರು ನಿರ್ದೇಶಿಸಿದ 1977ರ ಕಪ್ಪು-ಬಿಳುಪು ಕನ್ನಡ ಚಲನಚಿತ್ರ ‘ಘಟಶ್ರಾದ್ಧ’ವನ್ನು ಅದರ ಮೂಲ ನೆಗೆಟಿವ್‌ನಿಂದ 4ಕೆ ಗುಣಮಟ್ಟದಲ್ಲಿ ಮತ್ತೆ ಸಿದ್ಧಪಡಿಸಿದ ಕಾರ್ಯವನ್ನು ಘಟಶ್ರಾದ್ಧ ಚಲನಚಿತ್ರದ ಪುನಶ್ಚೇತನ ಎನ್ನಲಾಗುತ್ತದೆ. ಅಮೆರಿಕದ ಫಿಲ್ಮ್ ಫೌಂಡೇಶನ್ ಸಂಸ್ಥೆಯ ವಿಶ್ವ ಸಿನಿಮಾ ಯೋಜನೆ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದನ್ನು ಜಂಟಿಯಾಗಿ ಕೈಗೊಂಡವು. ಇಟಲಿಯ ಬೊಲೋನ್ಯಾ ನಗರದ ‘ಲಿಮ್ಮಾಜಿನೆ ರಿತ್ರೊವಾತಾ’ ಪ್ರಯೋಗಾಲಯದಲ್ಲಿ ಕೆಲಸ ನಡೆಯಿತು. ಪುನಶ್ಚೇತನಗೊಂಡ ಪ್ರತಿಯು 2024ರ 81ನೆಯ ವೆನಿಸ್ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ‘ವೆನಿಸ್ ಕ್ಲಾಸಿಕ್ಸ್’ ವಿಭಾಗದಲ್ಲಿ ಪ್ರದರ್ಶನಗೊಂಡಿತು.

ಪುನಶ್ಚೇತನವೆಂದರೆ ಹಳೆಯ ಚಿತ್ರವನ್ನು ಹೊಸ ಚಿತ್ರದಂತೆ ಕಾಣಿಸುವುದಲ್ಲ. ಕಾಲ, ಹವೆ ಮತ್ತು ಬಳಕೆಯಿಂದಾದ ಹಾನಿಯನ್ನು ತೆಗೆದು, ಚಿತ್ರವು ಮೊದಲ ಬಾರಿಗೆ ತೆರೆಯ ಮೇಲೆ ಹೇಗೆ ಕಂಡಿತ್ತೋ ಆ ರೂಪಕ್ಕೆ ಅದನ್ನು ಮರಳಿಸುವುದು ಇದರ ಗುರಿ. ಯಾವುದು ಹಾನಿ, ಯಾವುದು ಚಿತ್ರದ ಸ್ವಭಾವ ಎಂದು ವಿಂಗಡಿಸುವುದೇ ಈ ಕಾರ್ಯದ ಕಠಿಣ ಭಾಗವಾಗಿದೆ.

ಚಿತ್ರದ ಹಿನ್ನೆಲೆ

ಘಟಶ್ರಾದ್ಧವು ಯು. ಆರ್. ಅನಂತಮೂರ್ತಿ ಅವರ ಇದೇ ಹೆಸರಿನ ನೀಳ್ಗತೆಯನ್ನು ಆಧರಿಸಿದೆ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವ್ಯಾಸಂಗ ಮುಗಿಸಿದ್ದ ಕಾಸರವಳ್ಳಿ ಅವರಿಗೆ ಇದು ನಿರ್ದೇಶಕರಾಗಿ ಮೊದಲ ಕಥಾಚಿತ್ರ. ಸದಾನಂದ ಸುವರ್ಣ ನಿರ್ಮಾಪಕರು, ಎಸ್. ರಾಮಚಂದ್ರ ಛಾಯಾಗ್ರಾಹಕರು, ಬಿ. ವಿ. ಕಾರಂತರು ಸಂಗೀತ ನಿರ್ದೇಶಕರು. ಯಮುನಕ್ಕನ ಪಾತ್ರವನ್ನು ಮೀನಾ ಕುಟ್ಟಪ್ಪ, ಬಾಲಕ ನಾಣಿಯ ಪಾತ್ರವನ್ನು ಅಜಿತ್ ಕುಮಾರ್ ನಿರ್ವಹಿಸಿದ್ದಾರೆ.

ಕಥೆ ಮಲೆನಾಡಿನ ಅಗ್ರಹಾರವೊಂದರಲ್ಲಿ ನಡೆಯುತ್ತದೆ. ವೇದಾಧ್ಯಯನಕ್ಕೆಂದು ಉಡುಪರ ಮನೆಗೆ ಬಂದ ನಾಣಿಗೆ ಅವರ ಮಗಳು, ಎಳೆಯ ವಯಸ್ಸಿನ ವಿಧವೆ ಯಮುನಕ್ಕ ಆಸರೆಯಾಗುತ್ತಾಳೆ. ಶಾಲಾ ಉಪಾಧ್ಯಾಯನೊಡನೆ ಆಕೆಗಿದ್ದ ಸಂಬಂಧದಿಂದ ಆಕೆ ಗರ್ಭಿಣಿಯಾದದ್ದು ತಿಳಿದಾಗ ಊರು ಅವಳನ್ನು ಹೊರಗಿಡುತ್ತದೆ. ಬದುಕಿರುವವರನ್ನು ಸತ್ತವರೆಂದೇ ಎಣಿಸಿ ಶ್ರಾದ್ಧ ನಡೆಸಿ ಬಹಿಷ್ಕರಿಸುವ ವಿಧಿಯೇ ಘಟಶ್ರಾದ್ಧ. ಇದೆಲ್ಲವನ್ನೂ ಪ್ರೇಕ್ಷಕರು ಬಹುಮಟ್ಟಿಗೆ ಬಾಲಕನ ಕಣ್ಣಿನಿಂದ ಕಾಣುತ್ತಾರೆ.

25ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರಕ್ಕೆ ಮೀಸಲಾದ ಸ್ವರ್ಣಕಮಲ ದೊರೆಯಿತು. ಕಾರಂತರಿಗೆ ಅತ್ಯುತ್ತಮ ಸಂಗೀತ ನಿರ್ದೇಶನದ ಪ್ರಶಸ್ತಿಯೂ ಅಜಿತ್ ಕುಮಾರ್‌ಗೆ ಅತ್ಯುತ್ತಮ ಬಾಲನಟ ಪ್ರಶಸ್ತಿಯೂ ಲಭಿಸಿದವು.

ಫಿಲ್ಮ್ ನಾಶವಾಗುವ ಬಗೆ

ಚಲನಚಿತ್ರದ ಫಿಲ್ಮಿನಲ್ಲಿ ಎರಡು ಪದರಗಳಿರುತ್ತವೆ. ಒಂದು ಆಧಾರವಾಗಿರುವ ಪ್ಲಾಸ್ಟಿಕ್ ಪಟ್ಟಿ. ಇನ್ನೊಂದು ಅದರ ಮೇಲಿನ ಜೆಲಟಿನ್ ಲೇಪ. ಕಪ್ಪು-ಬಿಳುಪು ಚಿತ್ರದಲ್ಲಿ ಈ ಲೇಪದೊಳಗಿನ ಸೂಕ್ಷ್ಮ ಬೆಳ್ಳಿಯ ಕಣಗಳೇ ಬಿಂಬವನ್ನು ರೂಪಿಸುತ್ತವೆ.

1950ರ ದಶಕದ ಆರಂಭದವರೆಗೆ ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್ ಬಳಕೆಯಲ್ಲಿತ್ತು. ಅದರ ಬದಲಿಗೆ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯ ಕಡಿಮೆ. ಆದರೆ ಶಾಖ ಮತ್ತು ತೇವಾಂಶಕ್ಕೆ ಸಿಕ್ಕರೆ ಅದು ನಿಧಾನವಾಗಿ ವಿಘಟಿಸಿ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಡಬ್ಬಿ ತೆರೆದಾಗ ವಿನಿಗರ್‌ನ ಹುಳಿ ವಾಸನೆ ಬರುವುದರಿಂದ ಈ ಸ್ಥಿತಿಗೆ ‘ವಿನಿಗರ್ ಸಿಂಡ್ರೋಮ್’ ಎಂಬ ಹೆಸರು ಬಂದಿದೆ. ಹೊರಬಂದ ಆಮ್ಲವೇ ವಿಘಟನೆಯನ್ನು ಮತ್ತಷ್ಟು ತೀವ್ರಗೊಳಿಸುತ್ತದೆ. ಫಿಲ್ಮ್ ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಯಂತ್ರದಲ್ಲಿ ಓಡಿಸಲು ಬಾರದಂತಾಗುತ್ತದೆ. ಈ ಕ್ರಿಯೆಯನ್ನು ತಂಪಾದ ಒಣ ಕೋಣೆಯಲ್ಲಿ ನಿಧಾನಗೊಳಿಸಬಹುದು, ಹಿಂದಿರುಗಿಸಲಾಗದು.

ಚಿತ್ರಮಂದಿರದ ಬಳಕೆಯೂ ಫಿಲ್ಮನ್ನು ಸವೆಸುತ್ತದೆ. ನಗರಗಳಲ್ಲಿ ಓಡಿದ ಪ್ರತಿಗಳು ಮುಂದೆ ಸಣ್ಣ ಊರುಗಳ ಟೆಂಟ್ ಸಿನಿಮಾಗಳಿಗೆ ಹೋಗುತ್ತಿದ್ದವು. ಪ್ರತಿ ಪ್ರದರ್ಶನದಲ್ಲೂ ಗೀರು, ಧೂಳು, ಹರಿದಲ್ಲಿ ಹಾಕಿದ ಅಂಟು ಸೇರುತ್ತಿದ್ದವು. ಆದ್ದರಿಂದ ಪುನಶ್ಚೇತನಕ್ಕೆ ಪ್ರದರ್ಶನ ಪ್ರತಿಗಿಂತ ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಹೆಚ್ಚು ಯೋಗ್ಯವಾದುದು. ಘಟಶ್ರಾದ್ಧದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದುಬಂದಿತ್ತು. 1964ರಲ್ಲಿ ಸ್ಥಾಪನೆಯಾದ ಈ ಸಂಗ್ರಹಾಲಯವು ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಭಾಗವಾಗಿದೆ.

ಎಲ್ಲ ಚಿತ್ರಗಳಿಗೂ ಈ ಭಾಗ್ಯ ಒದಗಿಲ್ಲ. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಯಾವುದೇ ಪ್ರತಿ ಇಂದು ಲಭ್ಯವಿಲ್ಲ. ನೆಗೆಟಿವ್ ಆಗಲಿ ಪ್ರದರ್ಶನ ಪ್ರತಿಯಾಗಲಿ ಇಲ್ಲದ ಚಿತ್ರವನ್ನು ಯಾವ ತಂತ್ರಜ್ಞಾನವೂ ಮರಳಿ ತರಲಾರದು.

ಪುನಶ್ಚೇತನದ ವಿಧಾನ

ಮಾರ್ಟಿನ್ ಸ್ಕೋರ್ಸೆಸಿ ಅವರು 1990ರಲ್ಲಿ ಫಿಲ್ಮ್ ಫೌಂಡೇಶನ್ ಅನ್ನೂ 2007ರಲ್ಲಿ ವಿಶ್ವ ಸಿನಿಮಾ ಯೋಜನೆಯನ್ನೂ ಆರಂಭಿಸಿದರು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅನ್ನು ಶಿವೇಂದ್ರ ಸಿಂಗ್ ಡುಂಗರ್‌ಪುರ್ 2014ರಲ್ಲಿ ಸ್ಥಾಪಿಸಿದರು. ಘಟಶ್ರಾದ್ಧದ ಕಾರ್ಯಕ್ಕೆ ಹಾಬ್ಸನ್–ಲ್ಯೂಕಾಸ್ ಕುಟುಂಬ ಪ್ರತಿಷ್ಠಾನವು ಧನಸಹಾಯ ನೀಡಿತು. ಇಂತಹ ಕಾರ್ಯವು ಸಾಮಾನ್ಯವಾಗಿ ಕೆಳಗಿನ ಹಂತಗಳಲ್ಲಿ ಸಾಗುತ್ತದೆ.

ಪರಿಶೀಲನೆ ಮತ್ತು ದುರಸ್ತಿ: ಫಿಲ್ಮ್ ಸುರುಳಿಗಳನ್ನು ಕೈಯಿಂದ ಬಿಚ್ಚಿ ಪರೀಕ್ಷಿಸಲಾಗುತ್ತದೆ. ಹರಿದ ಅಂಚು, ಮುರಿದ ರಂಧ್ರ, ಬಿಟ್ಟುಹೋದ ಜೋಡಣೆಗಳನ್ನು ಸರಿಪಡಿಸಿ ಫಿಲ್ಮನ್ನು ಶುಚಿಗೊಳಿಸಲಾಗುತ್ತದೆ. ಕೆಲವು ಭಾಗಗಳು ಕಾಣೆಯಾಗಿದ್ದರೆ ಬೇರೆ ಪ್ರತಿಗಳಿಂದ ಅವನ್ನು ತುಂಬಿಕೊಳ್ಳಬೇಕಾಗುತ್ತದೆ.

ಸ್ಕ್ಯಾನಿಂಗ್: ಪ್ರತಿಯೊಂದು ಚೌಕಟ್ಟನ್ನೂ ಪ್ರತ್ಯೇಕ ಚಿತ್ರವಾಗಿ ಡಿಜಿಟಲ್ ರೂಪಕ್ಕೆ ಇಳಿಸಲಾಗುತ್ತದೆ. ವಾಕ್ಚಿತ್ರವು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವುದರಿಂದ ನಿಮಿಷಕ್ಕೆ 1,440 ಚೌಕಟ್ಟುಗಳಾಗುತ್ತವೆ. 100 ನಿಮಿಷಗಳ ಚಿತ್ರಕ್ಕೆ ಈ ಸಂಖ್ಯೆ 1,44,000. 4ಕೆ ಎಂದರೆ ಪ್ರತಿ ಚೌಕಟ್ಟಿನ ಅಗಲದಲ್ಲಿ ಸುಮಾರು 4,000 ಬಿಂದುಗಳಿರುತ್ತವೆ ಎಂದರ್ಥ.

ಡಿಜಿಟಲ್ ಶುದ್ಧೀಕರಣ: ಧೂಳಿನ ಚುಕ್ಕೆ, ಗೀರು, ಬೆಳಕಿನ ಮಿಣುಕು, ಬಿಂಬದ ಅಲುಗಾಟಗಳನ್ನು ತೆಗೆಯಲಾಗುತ್ತದೆ. ಕೆಲವನ್ನು ತಂತ್ರಾಂಶವೇ ಗುರುತಿಸುತ್ತದೆ. ಆದರೆ ಸುರಿಯುವ ಮಳೆಹನಿಯನ್ನೂ ಗಾಳಿಗೆ ಹಾರುವ ಎಲೆಯನ್ನೂ ತಂತ್ರಾಂಶ ಕೊಳೆಯೆಂದು ತಿಳಿದು ಅಳಿಸಿಬಿಡುವ ಸಾಧ್ಯತೆಯಿರುವುದರಿಂದ ತಂತ್ರಜ್ಞರು ಚೌಕಟ್ಟುಗಳನ್ನು ಕಣ್ಣಾರೆ ನೋಡಿ ಒಪ್ಪಬೇಕಾಗುತ್ತದೆ.

ಬೆಳಕಿನ ಹೊಂದಾಣಿಕೆ: ನೆಗೆಟಿವ್‌ನಲ್ಲಿ ಬಿಂಬವಿರುತ್ತದೆಯೇ ಹೊರತು ಅದನ್ನು ತೆರೆಯ ಮೇಲೆ ಎಷ್ಟು ಕಪ್ಪಾಗಿ ಅಥವಾ ಬೆಳ್ಳಗಾಗಿ ತೋರಿಸಬೇಕೆಂಬ ತೀರ್ಮಾನವಿರುವುದಿಲ್ಲ. ಮೊದಲು ಅದನ್ನು ಪ್ರಿಂಟ್ ತೆಗೆಯುವಾಗ ಛಾಯಾಗ್ರಾಹಕರು ನಿರ್ಧರಿಸುತ್ತಿದ್ದರು. ಘಟಶ್ರಾದ್ಧದ ಛಾಯಾಗ್ರಾಹಕ ರಾಮಚಂದ್ರ 2011ರಲ್ಲಿಯೇ ನಿಧನರಾಗಿದ್ದರು. ಆದ್ದರಿಂದ ಈ ಚಿತ್ರಕ್ಕೆ ನಿರ್ದೇಶಕ ಕಾಸರವಳ್ಳಿ ಅವರ ಸಹಭಾಗಿತ್ವ ವಿಶೇಷವಾಗಿ ಮುಖ್ಯವಾಗಿತ್ತು. ಅಗ್ರಹಾರದ ಒಳಮನೆಗಳ ಮಬ್ಬು, ದೀಪದ ಬೆಳಕು, ಕಾಡಿನ ಕತ್ತಲೆ ಈ ಚಿತ್ರದಲ್ಲಿ ಅರ್ಥವನ್ನು ಹೊತ್ತಿವೆ. ಎಲ್ಲವೂ ಸ್ಪಷ್ಟವಾಗಿ ಕಾಣಲಿ ಎಂದು ಬೆಳಕನ್ನು ಹೆಚ್ಚಿಸಿದರೆ ಬಾಲಕನ ಭಯವೇ ಕರಗಿಹೋಗುತ್ತದೆ.

ಧ್ವನಿ: ಧ್ವನಿಪಥವನ್ನು ಪ್ರತ್ಯೇಕವಾಗಿ ಸ್ಕ್ಯಾನ್ ಮಾಡಿ ಚಟಪಟ ಸದ್ದು ಹಾಗೂ ಹಿನ್ನೆಲೆಯ ಸಿಳ್ಳನ್ನು ತಗ್ಗಿಸಲಾಗುತ್ತದೆ. ಅತಿಯಾಗಿ ತೊಳೆದರೆ ಮಾತಿನ ಏರಿಳಿತ ಮತ್ತು ವಾದ್ಯಗಳ ನಾದವೂ ಕ್ಷೀಣಿಸುತ್ತದೆ.

ವೆನಿಸ್ ಪ್ರದರ್ಶನ

81ನೆಯ ವೆನಿಸ್ ಉತ್ಸವವು 2024ರ ಆಗಸ್ಟ್ 28ರಿಂದ ಸೆಪ್ಟೆಂಬರ್ 7ರವರೆಗೆ ನಡೆಯಿತು. ಚಿತ್ರದ ನಿರ್ಮಾಪಕ ಸದಾನಂದ ಸುವರ್ಣ ಅದಕ್ಕೆ ಕೆಲವೇ ವಾರಗಳ ಮುಂಚೆ, ಜುಲೈ ತಿಂಗಳಲ್ಲಿ ನಿಧನರಾದರು. ಸಂಗೀತ ನೀಡಿದ ಕಾರಂತರು 2002ರಲ್ಲಿಯೂ ಮೂಲ ಕಥೆಯ ಲೇಖಕ ಅನಂತಮೂರ್ತಿ 2014ರಲ್ಲಿಯೂ ತೀರಿಕೊಂಡಿದ್ದರು. ಫಿಲ್ಮ್ ಉಳಿದಿರುವಾಗಲೇ, ಅದನ್ನು ಮಾಡಿದವರ ನೆನಪೂ ದೊರೆಯುವಾಗಲೇ ಪುನಶ್ಚೇತನ ನಡೆಯಬೇಕೆಂಬ ವಾದಕ್ಕೆ ಈ ಚಿತ್ರ ಒಂದು ನಿದರ್ಶನವಾಗಿದೆ.

ಫಿಲ್ಮ್ ಹೆರಿಟೇಜ್ ಫೌಂಡೇಶನ್ ಭಾಗಿಯಾದ ಇತರ ಪುನಶ್ಚೇತನಗಳಲ್ಲಿ ಜಿ. ಅರವಿಂದನ್ ಅವರ ಮಲಯಾಳಂ ಚಿತ್ರಗಳಾದ ‘ಕುಮ್ಮಾಟ್ಟಿ’ ಮತ್ತು ‘ತಂಪ್’, ಅರಿಬಂ ಶ್ಯಾಮ್ ಶರ್ಮಾ ಅವರ ಮಣಿಪುರಿ ಚಿತ್ರ ‘ಇಶಾನೌ’ ಹಾಗೂ ಶ್ಯಾಮ್ ಬೆನೆಗಲ್ ಅವರ ಹಿಂದಿ ಚಿತ್ರ ‘ಮಂಥನ್’ ಸೇರಿವೆ.

ಎಷ್ಟು ಶುದ್ಧಗೊಳಿಸಬೇಕು ಎಂಬ ಚರ್ಚೆ

ಪುನಶ್ಚೇತನಗೊಂಡ ಚಿತ್ರಗಳ ಕುರಿತು ಪ್ರೇಕ್ಷಕರು ಮತ್ತು ಅಭಿಮಾನಿಗಳಲ್ಲಿ ನಡೆಯುವ ಮುಖ್ಯ ಚರ್ಚೆ ಫಿಲ್ಮ್ ಕಣಗಳಿಗೆ ಸಂಬಂಧಿಸಿದೆ. ಹಳೆಯ ಚಿತ್ರಗಳಲ್ಲಿ ತೆರೆಯ ಮೇಲೆ ಸಣ್ಣಗೆ ಕುದಿಯುವಂತೆ ಕಾಣುವ ಕಣಗಳು ಕೊಳೆಯಲ್ಲ, ಬಿಂಬವೇ ಅವುಗಳಿಂದಾಗಿದೆ. ಅವನ್ನು ತಂತ್ರಾಂಶದಿಂದ ಒರೆಸಿದರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ ಮುಂತಾದ ಸೂಕ್ಷ್ಮಗಳೂ ಅಳಿದು ಮುಖಗಳು ಮೇಣದ ಗೊಂಬೆಗಳಂತೆ ಕಾಣುತ್ತವೆ.

ಈ ಚರ್ಚೆ ರಾಕ್ ಸಂಗೀತ ತಂಡಗಳ ಹಳೆಯ ಸಾಕ್ಷ್ಯಚಿತ್ರಗಳ ವಿಷಯದಲ್ಲಿಯೂ ನಡೆದಿದೆ. ಬೀಟಲ್ಸ್ ತಂಡವನ್ನು ಕುರಿತು ಮೈಕೇಲ್ ಲಿಂಡ್ಸೆ-ಹಾಗ್ ನಿರ್ದೇಶಿಸಿದ ‘ಲೆಟ್ ಇಟ್ ಬಿ’ ಚಿತ್ರವನ್ನು 1969ರ ಜನವರಿಯಲ್ಲಿ 16 ಮಿ.ಮೀ. ಫಿಲ್ಮಿನಲ್ಲಿ ಚಿತ್ರೀಕರಿಸಿ 1970ರಲ್ಲಿ ಬಿಡುಗಡೆ ಮಾಡಲಾಗಿತ್ತು. ಅದೇ ಚಿತ್ರೀಕರಣದ ತುಣುಕುಗಳಿಂದ ಪೀಟರ್ ಜಾಕ್ಸನ್ 2021ರಲ್ಲಿ ‘ಗೆಟ್ ಬ್ಯಾಕ್’ ಸರಣಿಯನ್ನು ರೂಪಿಸಿದರು. ಅದರ ಸ್ಪಷ್ಟತೆಯನ್ನು ಹಲವರು ಮೆಚ್ಚಿದರು. ಕಣಗಳನ್ನು ತೆಗೆದದ್ದರಿಂದ ಬಿಂಬ ಅಸಹಜವಾಗಿ ನುಣುಪಾಗಿದೆ ಎಂದು ಇನ್ನು ಕೆಲವರು ಆಕ್ಷೇಪಿಸಿದರು. ದಶಕಗಳ ಕಾಲ ಅಧಿಕೃತವಾಗಿ ದೊರೆಯದಿದ್ದ ಮೂಲ ‘ಲೆಟ್ ಇಟ್ ಬಿ’ 2024ರ ಮೇ ತಿಂಗಳಲ್ಲಿ ಪುನಶ್ಚೇತನಗೊಂಡು ಬಂದಾಗ ಸರಣಿಗಿಂತ ಹೆಚ್ಚು ಫಿಲ್ಮಿನ ಗುಣವನ್ನು ಉಳಿಸಿಕೊಂಡಿತ್ತು.

ಪಿಂಕ್ ಫ್ಲಾಯ್ಡ್ ತಂಡವು ಇಟಲಿಯ ಪಾಂಪೆ ನಗರದ ಪ್ರಾಚೀನ ರಂಗಮಂಟಪದಲ್ಲಿ 1971ರಲ್ಲಿ ಪ್ರೇಕ್ಷಕರಿಲ್ಲದೆ ನುಡಿಸಿದ್ದನ್ನು ದಾಖಲಿಸಿದ ಏಡ್ರಿಯನ್ ಮಾಬೆನ್ ಅವರ ಚಿತ್ರವು 2025ರಲ್ಲಿ 4ಕೆ ರೂಪದಲ್ಲಿ ಬಿಡುಗಡೆಯಾಯಿತು. ಅದರ ಮೂಲ 35 ಮಿ.ಮೀ. ನೆಗೆಟಿವ್ ತಂಡದ ಸ್ವಂತ ಸಂಗ್ರಹದಲ್ಲಿಯೇ, ಸರಿಯಾಗಿ ಹೆಸರು ಬರೆಯದ ಐದು ಡಬ್ಬಿಗಳಲ್ಲಿ ದೊರೆಯಿತು. ಜಗತ್ಪ್ರಸಿದ್ಧ ತಂಡದ ಚಿತ್ರಕ್ಕೂ, ಮಿತ ವೆಚ್ಚದ ಕನ್ನಡ ಚಿತ್ರಕ್ಕೂ ಮೊದಲ ಪ್ರಶ್ನೆ ಒಂದೇ: ಮೂಲ ನೆಗೆಟಿವ್ ಎಲ್ಲಿದೆ?

ವರ್ಣೀಕರಣಕ್ಕಿರುವ ವ್ಯತ್ಯಾಸ

ಕನ್ನಡ ಪ್ರೇಕ್ಷಕರಿಗೆ ಹಳೆಯ ಚಿತ್ರದ ಮರುರೂಪವೆಂದರೆ ಮೊದಲು ನೆನಪಾಗುವುದು ವರ್ಣೀಕರಣ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣದಲ್ಲಿ ಮರುಬಿಡುಗಡೆಯಾದವು. ಡಾ. ರಾಜಕುಮಾರ್ ಅಭಿನಯದ ಈ ಚಿತ್ರಗಳನ್ನು ಹೊಸ ತಲೆಮಾರು ಚಿತ್ರಮಂದಿರದಲ್ಲಿ ನೋಡಲು ಇದರಿಂದ ಅವಕಾಶವಾಯಿತು. ಆದರೆ ವರ್ಣೀಕರಣವು ಮೂಲದಲ್ಲಿಲ್ಲದುದನ್ನು ಸೇರಿಸುತ್ತದೆ. ಪುನಶ್ಚೇತನವು ಮೂಲದಲ್ಲಿಲ್ಲದುದನ್ನು ತೆಗೆಯುತ್ತದೆ. ಘಟಶ್ರಾದ್ಧವನ್ನು ಕಪ್ಪು-ಬಿಳುಪಿನಲ್ಲಿಯೇ ಉಳಿಸಿಕೊಂಡಿರುವುದು ಈ ತತ್ತ್ವಕ್ಕೆ ಅನುಗುಣವಾಗಿದೆ.

ಮಲೆನಾಡಿನ ಚಿತ್ರಗಳು ಮತ್ತು ಸಂರಕ್ಷಣೆ

ಕನ್ನಡದ ಹೊಸ ಅಲೆಯ ಚಿತ್ರಗಳಲ್ಲಿ ಮಲೆನಾಡಿಗೆ ದೊಡ್ಡ ಸ್ಥಾನವಿದೆ. ಅನಂತಮೂರ್ತಿ ಅವರದೇ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ (1970) ಚಿತ್ರೀಕರಣಗೊಂಡದ್ದು ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಮೂಡಿಗೆರೆಯಲ್ಲಿ ನೆಲೆಸಿ ಕಾಫಿ ಬೆಳೆಗಾರರಾಗಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರ ಕಥೆಗಳಿಂದ ಎನ್. ಲಕ್ಷ್ಮೀನಾರಾಯಣ್ ಅವರ ‘ಅಬಚೂರಿನ ಪೋಸ್ಟಾಫೀಸು’, ಕಾಸರವಳ್ಳಿ ಅವರ ‘ತಬರನ ಕಥೆ’, ಸದಾನಂದ ಸುವರ್ಣ ಅವರ ‘ಕುಬಿ ಮತ್ತು ಇಯಾಲ’ ಚಿತ್ರಗಳು ರೂಪುಗೊಂಡವು.

ಕಥೆಯ ಹೊರತಾಗಿಯೂ ಹೊರಾಂಗಣದಲ್ಲಿ ಚಿತ್ರೀಕರಿಸಿದ ಇಂತಹ ಚಿತ್ರಗಳಿಗೆ ದಾಖಲೆಯ ಬೆಲೆಯಿದೆ. ಆ ಕಾಲದ ಅಗ್ರಹಾರಗಳ ಸಾಲುಮನೆ, ಅಂಗಳ, ಜಗಲಿ, ಉಡುಗೆ, ಮಾತಿನ ಧಾಟಿ ಅವುಗಳಲ್ಲಿ ಉಳಿದಿವೆ. ನೆಗೆಟಿವ್ ಕೆಟ್ಟರೆ ಕಲಾಕೃತಿಯೊಂದಿಗೆ ಈ ದಾಖಲೆಯೂ ಹೋಗುತ್ತದೆ.

ತಿಂಗಳುಗಟ್ಟಲೆ ಮಳೆ ಸುರಿಯುವ ಶೃಂಗೇರಿ, ಕಳಸ, ಮೂಡಿಗೆರೆಯಂತಹ ಊರುಗಳ ತೇವ ಫಿಲ್ಮಿಗೆ ಪ್ರತಿಕೂಲವಾದುದು. ಪುಸ್ತಕಗಳಿಗೆ ಹಿಡಿಯುವಂತೆಯೇ ಜೆಲಟಿನ್ ಲೇಪಕ್ಕೂ ಬೂಷ್ಟು ಹಿಡಿಯುತ್ತದೆ. ಮನೆಗಳಲ್ಲಿ ಉಳಿದಿರುವ ಹಳೆಯ ಫಿಲ್ಮ್ ಸುರುಳಿ ಅಥವಾ ನೆಗೆಟಿವ್‌ಗಳಿಗೂ ಇದು ಅನ್ವಯಿಸುತ್ತದೆ. ಅವುಗಳನ್ನು ಗೋಡೆಗೆ ತಾಗದಂತೆ, ಅಟ್ಟದ ಬಿಸಿಗೂ ನೆಲದ ತೇವಕ್ಕೂ ಒಡ್ಡದೆ ಒಣ ಜಾಗದಲ್ಲಿಡಬೇಕು. ಹುಳಿ ವಾಸನೆ ಬರುವ ಸುರುಳಿಗಳನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ಹಳೆಯ ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡಬಾರದು. ಡಬ್ಬಿಯ ಮೇಲೆ ಚಿತ್ರದ ಹೆಸರು, ಸುರುಳಿಯ ಸಂಖ್ಯೆ ಮತ್ತು ವರ್ಷವನ್ನು ಬರೆದಿಟ್ಟರೆ ಮುಂದೆ ಅದನ್ನು ಗುರುತಿಸುವುದು ಸುಲಭವಾಗುತ್ತದೆ. ಡಿಜಿಟಲ್ ಪ್ರತಿ ಸಿದ್ಧವಾದ ಮೇಲೂ ಮೂಲ ಫಿಲ್ಮನ್ನು ಎಸೆಯಬಾರದೆಂಬುದು ಸಂಗ್ರಹಾಲಯಗಳ ಸಾಮಾನ್ಯ ನಿಯಮ. ಇನ್ನೂ ಉತ್ತಮ ಸ್ಕ್ಯಾನಿಂಗ್ ವಿಧಾನ ಬಂದಾಗ ಕೆಲಸವನ್ನು ಮತ್ತೆ ಮೂಲದಿಂದಲೇ ಆರಂಭಿಸಬೇಕಾಗುತ್ತದೆ.